ಒಬ್ಬಳೇ ಮಗಳು ಎಂದು ಹೇಳಿದ್ದು

ಅಪ್ಪ ಹುಟ್ಟಿದ್ದು ಗೋವಾದಲ್ಲಿ, ಅದು ಇನ್ನೂ ಪೋರ್ಚುಗೀಸರ ಕೈಯಲ್ಲಿದ್ದಾಗ. ಅಜ್ಜ ಅಲ್ಲಿನ ಬಂದರಿನ ಹತ್ತಿರ ಚಹಾದ ಹೋಟೆಲು ಇಟ್ಟಿದ್ದರಂತೆ. ಅಪ್ಪನಿಗೆ ಆರೇಳು ವರ್ಷವಾದಾಗ ಎಲ್ಲರೂ ನಮ್ಮೂರು ಪುಂಜಾಲಕಟ್ಟೆಗೆ ಮರಳಿದರು. ಅಪ್ಪ ಅದನ್ನೊಂದು ದೊಡ್ಡ ವಿಷಯವೆಂದು ಹೇಳಿಕೊಂಡವರಲ್ಲ. ಅವರು ತೀರಿಕೊಂಡ ಮೇಲೆ ನನಗೆ ಗೊತ್ತಾಯಿತು: ಆಗ ಗೋವಾದಲ್ಲಿ ಹುಟ್ಟಿದವರ ಮಕ್ಕಳು ಪೋರ್ಚುಗಲ್ಲಿನ ಪೌರತ್ವ ಕೇಳಬಹುದು, ಆ ಪಾಸ್‌ಪೋರ್ಟ್ ಸಿಕ್ಕಿದರೆ ಯುರೋಪಿನ ಬೇರೆ ದೇಶಗಳಲ್ಲೂ ಕೆಲಸ ಮಾಡಬಹುದು. ನಾನಾಗ ಬೆಳ್ತಂಗಡಿಯ ಒಂದು ಕ್ಲಿನಿಕ್ಕಿನಲ್ಲಿ ನರ್ಸ್. ಮಡಗಾಂವಿನ ಏಜೆಂಟರೊಬ್ಬರು ಅಪ್ಪನ ಜನನ ದಾಖಲೆ ಹುಡುಕಿಸಿಕೊಟ್ಟರು.

"ಬೇರೆ ಮಕ್ಕಳಿದ್ದಾರಾ?" ಎಂದು ಅವರು ಕೇಳಿದರು.

"ಇಲ್ಲ, ನಾನೊಬ್ಬಳೇ," ಎಂದೆ.

ಸುಳ್ಳು. ಮೂಡುಬಿದಿರೆಯಲ್ಲಿ ಅಪ್ಪನಿಗೆ ಇನ್ನೊಂದು ಸಂಸಾರವಿತ್ತು. ಅಲ್ಲಿ ನನಗಿಂತ ಎಂಟು ವರ್ಷ ಚಿಕ್ಕ ಮಗಳು. ಅವಳನ್ನು ಮೊದಲು ನೋಡಿದ್ದು ಅಪ್ಪನ ಉತ್ತರಕ್ರಿಯೆಯ ದಿನ. ಚಪ್ಪರದ ಹೊರಗೆ ನಿಂತಿದ್ದಳು. ಹಣೆ, ಗಲ್ಲ ಎಲ್ಲ ಅಪ್ಪನದೇ. ನಾನು ಮಾತಾಡಿಸಲಿಲ್ಲ.

ಕೆಲವು ತಿಂಗಳ ನಂತರ, ಊಟದ ಹೊತ್ತಿಗೆ, ಅವಳೇ ಕ್ಲಿನಿಕ್ಕಿಗೆ ಬಂದಳು.

"ಅಕ್ಕ, ಅಪ್ಪನ ಗೋವಾದ ದಾಖಲೆ ನಿಮ್ಮ ಹತ್ತಿರ ಉಂಟಂತೆ. ಒಂದು ಜೆರಾಕ್ಸ್ ಕೊಡ್ತೀರಾ? ನನ್ನ ಲ್ಯಾಬ್ ಕೋರ್ಸ್ ಮುಗಿದಿದೆ. ನಾನೂ ಅರ್ಜಿ ಹಾಕ್ತೇನೆ."

ಅದು ನನ್ನ ಬ್ಯಾಗಿನಲ್ಲೇ ಇತ್ತು. ಬೆಳಿಗ್ಗೆಯಷ್ಟೇ ನೋಟರಿಯ ಸಹಿ ಹಾಕಿಸಿ ತಂದಿದ್ದೆ.

"ಇಲ್ಲ ಮಾರಾಯ್ತಿ, ಅದು ಏಜೆಂಟರ ಹತ್ತಿರ ಉಂಟು. ಬಂದ ಮೇಲೆ ಹೇಳ್ತೇನೆ."

ಅವಳು ಔಷಧಿ ಚೀಟಿಯ ಹಿಂದೆ ಫೋನ್ ನಂಬರು ಬರೆದಿಟ್ಟು ಹೋದಳು. ನಾನು ಫೋನ್ ಮಾಡಲಿಲ್ಲ. ಒಬ್ಬ ಅಪ್ಪನಿಗೆ ಎರಡು ಸಂಸಾರ ಎಂದು ತಿಳಿದರೆ ನನ್ನ ಅರ್ಜಿಯೇ ನಿಂತುಹೋಗಬಹುದು ಎಂಬ ಹೆದರಿಕೆ. ಅಮ್ಮನಿಗೂ ಬೇಸರವಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅಮ್ಮನನ್ನು ಕೇಳಿಯೇ ಇರಲಿಲ್ಲ.

ಪಾಸ್‌ಪೋರ್ಟ್ ಬಂತು. ಐರ್ಲೆಂಡಿನ ಒಂದು ವೃದ್ಧಾಶ್ರಮದಲ್ಲಿ ಕೆಲಸಕ್ಕೆ ಸೇರಿದೆ. ಅಲ್ಲಿ ನನ್ನ ಜೊತೆ ಗೋವಾದ ಒಬ್ಬಳಿದ್ದಳು. ಒಂದು ರಜಾದಿನ ಊಟಕ್ಕೆ ಕರೆದಳು. ಹೋದರೆ, ಅಡುಗೆಮನೆಯಲ್ಲಿ ಅವಳೂ ಅವಳ ಇಬ್ಬರು ತಂಗಿಯರೂ ಜಗಳಾಡುತ್ತಾ ಮೀನು ಹುರಿಯುತ್ತಿದ್ದರು. ಮೂವರೂ ಬಂದದ್ದು ತಂದೆಯ ಅದೇ ಒಂದು ದಾಖಲೆಯಿಂದ. ದೊಡ್ಡವಳ ಅರ್ಜಿ ಆದ ಮೇಲೆ ತಂಗಿಯರದು ಇನ್ನೂ ಸುಲಭವಾಯಿತಂತೆ. ಆ ರಾತ್ರಿ ರೂಮಿಗೆ ಬಂದು ಪೆಟ್ಟಿಗೆಯಿಂದ ಅಪ್ಪನ ದಾಖಲೆ ಹೊರಗೆ ತೆಗೆದೆ.

ಮುಂದಿನ ರಜೆಗೆ ಊರಿಗೆ ಬಂದವಳು ದಾಖಲೆಯ ಪ್ರತಿ ಹಿಡಿದುಕೊಂಡು ಮೂಡುಬಿದಿರೆಗೆ ಹೋದೆ. ಬಸ್‌ಸ್ಟ್ಯಾಂಡಿನ ಹಿಂದಿನ ಬಾಡಿಗೆ ಮನೆ. ಅವಳು ಚಹಾ ತಂದಿಟ್ಟಳು. ನಾನು ಕಾಗದ ಕೊಟ್ಟು, "ಅವತ್ತು ಇದು ನನ್ನ ಬ್ಯಾಗಿನಲ್ಲೇ ಇತ್ತು," ಎಂದೆ.

"ಗೊತ್ತುಂಟು ಅಕ್ಕ. ಫೈಲಿನ ತುದಿ ಕಾಣ್ತಿತ್ತು. ಅಪ್ಪನ ಹೆಸರು ಮೇಲೆಯೇ ಬರೆದಿತ್ತು."

"ಮತ್ತೆ ಕೇಳ್ಲಿಲ್ಲ ಯಾಕೆ?"

"ಕೊಡುವ ಮನಸ್ಸಿಲ್ಲ ಅಂತ ಗೊತ್ತಾದ ಮೇಲೆ ಕೇಳುವುದು ಹೇಗೆ?"

ಒಳಗಿನಿಂದ ಅವಳ ತಾಯಿ, "ಯಾರು ಬಂದದ್ದು?" ಎಂದು ಕೂಗಿದರು. ಬಿದ್ದು ಸೊಂಟ ಮುರಿದ ಮೇಲೆ ಅವರು ಹಾಸಿಗೆಯಲ್ಲೇ ಇದ್ದಾರಂತೆ. ಇವಳು ಎದ್ದು ಹೋಗಿ ಅವರನ್ನು ಮಗ್ಗುಲಿಗೆ ಹೊರಳಿಸಿ ಬಂದಳು.

"ಆಗ ಕೊಟ್ಟಿದ್ದರೆ ಹೋಗ್ತಿದ್ದೆ," ಎಂದಳು, ಸಿಟ್ಟಿಲ್ಲದೆ. "ಈಗ ಅಮ್ಮನನ್ನು ಬಿಟ್ಟು ಹೋಗ್ಲಿಕ್ಕೆ ಆಗುವುದಿಲ್ಲ. ಚಹಾ ಕುಡಿಯಿರಿ, ತಣಿದು ಹೋಗ್ತದೆ."

ಅರ್ಜಿ ಹಾಕಲು ಅವಳಿಗೆ ಇನ್ನೂ ಅವಕಾಶವಿದೆ ಎಂದು ಏಜೆಂಟರು ಹೇಳುತ್ತಾರೆ. ಈ ಸಲ ಅವರಿಗೆ, ನನಗೊಬ್ಬಳು ತಂಗಿ ಇದ್ದಾಳೆ ಎಂದು ಹೇಳಿದ್ದೇನೆ. ವಾರಕ್ಕೊಮ್ಮೆ ಅವಳಿಗೆ ಮೆಸೇಜ್ ಮಾಡುತ್ತೇನೆ. ತಾಯಿ ಹೇಗಿದ್ದಾರೆ ಎಂಬುದಕ್ಕೆ ಉತ್ತರ ಬರುತ್ತದೆ. ಅರ್ಜಿಯ ವಿಷಯ ಅವಳು ಎತ್ತುವುದಿಲ್ಲ, ಕೇಳುವ ಧೈರ್ಯ ನನಗೂ ಬಂದಿಲ್ಲ.