ತಾನೇ ಆಮೆನ್ ಹೇಳಿಕೊಂಡ ಅರ್ನೆಸ್ಟೀನ್

ಅಮೆರಿಕದ ಅಲಬಾಮಾದ ನಮ್ಮೂರಿನಲ್ಲಿ ಅರ್ನೆಸ್ಟೀನ್ ಗ್ಯಾಡಿಸ್ ಎಂದರೆ ಶಾಲಾ ಬಸ್ಸಿನ ಡ್ರೈವರಮ್ಮ. ಗಂಟಲೋ, ಅಬ್ಬಬ್ಬಾ! ಮುಂದೆ ಕೂತು ಒಮ್ಮೆ ಗದರಿದರೆ ಹಿಂದಿನ ಸೀಟಿನ ತುಂಟರೂ ತೆಪ್ಪಗಾಗಬೇಕು. ಆಗ ಬಿಳಿಯರಿಗಷ್ಟೇ ಇದ್ದ ಊರಿನ ಶಾಲೆಗೆ ಕಾಲಿಟ್ಟ ನಮ್ಮ ಕಪ್ಪು ಜನರ ಮೊದಲ ಹುಡುಗಿ ಅವಳೇ ಎಂಬುದು ಮಾತ್ರ ಆ ಮಕ್ಕಳಿಗೆ ಗೊತ್ತಿರಲಿಲ್ಲ.

ಅವಳು ನಿವೃತ್ತಳಾದ ಮೇಲೆ ಅದೇ ಶಾಲೆಯ ಐದನೇ ತರಗತಿಯವರು ಆ ಕಥೆ ಹೇಳಲು ಕರೆದರು. ಬಾಗಿಲಲ್ಲೇ ಟೀಚರು ಪಿಸುಗುಟ್ಟಿದಳು: "ಸ್ವಲ್ಪ ಮೆತ್ತಗೆ ಹೇಳಿ, ಮಿಸ್ ಅರ್ನೆಸ್ಟೀನ್. ಆಗ ನಿಮ್ಮ ಜೊತೆ ಓದಿದ ಬಿಳಿಯರ ಮೊಮ್ಮಕ್ಕಳು ಇಲ್ಲೇ ಕೂತಿದಾರೆ."

"ಕೂತಿರ್ಲಿ ಬಿಡಮ್ಮ. ಆದದ್ದನ್ನ ಆದ ಹಾಗೇ ಹೇಳ್ತೀನಿ. ಬೇಡ ಅಂದ್ರೆ ಈಗಲೇ ಮನೆಗೆ ಹೋಗ್ತೀನಿ."

ಹೇಳಿಯೇಬಿಟ್ಟಳು. ಮೊದಲ ದಿನ ಅಂದಿನ ಟೀಚರು, ಎದ್ದು ನಿನ್ನ ಪರಿಚಯ ಹೇಳು ಎಂದರು. ನಾಲ್ಕು ಜನರ ಮುಂದೆ ಮಾತಾಡುವುದೆಂದರೆ ಆ ಪುಟ್ಟ ಹುಡುಗಿಗೆ ಚರ್ಚೊಂದೇ ಗೊತ್ತು. ಈಸ್ಟರ್ ಹಬ್ಬದಲ್ಲಿ ಮಕ್ಕಳು ಪದ್ಯ ಒಪ್ಪಿಸುವ ಹಾಗೆ ಮುಂದಕ್ಕೆ ನಡೆದು, ಲಂಗ ಹಿಡಿದು ಬಾಗಿ, ತನ್ನ ಹೆಸರು, ಅಪ್ಪ ಅಮ್ಮನ ಹೆಸರು, ಚರ್ಚಿನ ಹೆಸರು ಎಲ್ಲ ಗಟ್ಟಿಯಾಗಿ ಹೇಳಿ, ಆಮೆನ್‌ಗಾಗಿ ಕಾಯುತ್ತ ನಿಂತಳು. ನಮ್ಮ ಚರ್ಚಿನಲ್ಲಿ ಮಗು ತೊದಲಲಿ, ಮರೆಯಲಿ, ಇಡೀ ಸಭೆ ಮೆಚ್ಚಿ "ಆಮೆನ್" ಅನ್ನಲೇಬೇಕು. ಅದಕ್ಕೆ ಮುಂಚೆ ಮಗು ಕೂರುವ ಹಾಗಿಲ್ಲ. ಇಲ್ಲಿ ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಬಿಟ್ಟರು, ಗೇಲಿ ಮಾಡಿ ನಗುವುದಕ್ಕೆ!

"ನೀವೇನ್ ಮಾಡಿದ್ರಿ?" ಎಂದ ಒಬ್ಬ ಹುಡುಗ.

"ಇನ್ನೇನ್ ಮಾಡ್ಲಪ್ಪ? ನಾನೇ 'ಆಮೆನ್' ಅಂದೆ. ಗಟ್ಟಿಯಾಗೇ ಅಂದೆ! ಹೋಗಿ ಕೂತೆ. ಮಾರನೇ ದಿನಾನೂ ಬಂದೆ."

ಮಕ್ಕಳು ಬಿದ್ದು ಬಿದ್ದು ನಕ್ಕರು, ಚಪ್ಪಾಳೆ ತಟ್ಟಿದರು. ಒಬ್ಬ ಬಿಳಿಯ ಹುಡುಗಿ ಮಾತ್ರ ನಗದೆ ಎದ್ದು ನಿಂತಳು.

"ನಮ್ಮಜ್ಜಿ ಲೊರೇನ್ ನಿಮ್ ಕ್ಲಾಸಲ್ಲೇ ಇದ್ಲಂತೆ. ಅವಳೂ ನಕ್ಕಳಾ?"

ಟೀಚರ ಮುಖ ಪೆಚ್ಚಾಯಿತು. ಅರ್ನೆಸ್ಟೀನ್ ಆ ಹುಡುಗಿಯನ್ನೇ ನೋಡಿದಳು. ನೆನಪಿಲ್ಲ ಎಂದುಬಿಟ್ಟರೆ ಎಲ್ಲ ಸುಸೂತ್ರ. ಆದರೆ ಚೆನ್ನಾಗಿಯೇ ನೆನಪಿತ್ತು.

"ನಕ್ಕಳು, ಕಂದ. ಎಲ್ಲರಿಗಿಂತ ಜೋರಾಗಿ."

ಹುಡುಗಿಯ ಕಣ್ಣು ತುಂಬಿತು. ಆದರೂ ಕೂರಲಿಲ್ಲ. "ಇವತ್ತು ಮನೇಗ್ ಹೋಗಿ ಅಜ್ಜಿನ ಕೇಳ್ತೀನಿ, ಯಾಕೆ ಅಂತ."

ಅರ್ನೆಸ್ಟೀನಳ ಎದೆ ಹೆಮ್ಮೆಯಿಂದ ಉಬ್ಬಿತು. ಹತ್ತಿರ ಹೋಗಿ ಆ ಹುಡುಗಿಯ ಗಲ್ಲ ಹಿಡಿದಳು.

"ಕೇಳು. ಬೈಬೇಡ, ಕೇಳು. ಆವತ್ತು ಈ ರೂಮಲ್ಲಿ ನಿನ್ನಂಥವಳು ಒಬ್ಬಳಿದ್ದಿದ್ರೆ ನಂಗೆ ಅಷ್ಟೇ ಸಾಕಾಗ್ತಿತ್ತು."