ಕೆಂಪು ಸಂಘದ ಮಬಾಸೊ

ಡರ್ಬನ್ ಹೊರವಲಯದ ಠಾಣೆಯ ಸಾರ್ಜೆಂಟ್ ಮಬಾಸೊಗೆ ಸಮವಸ್ತ್ರಕ್ಕಿಂತ ಸಂಘವೇ ಮೈಗಂಟಿದ ಬಟ್ಟೆ. ಅಲ್ಲಿ ಪೊಲೀಸರಿಗೆ ಎರಡು ನೌಕರ ಸಂಘ, ಕೆಂಪು ಮತ್ತು ನೀಲಿ; ಕೆಂಪು ಸಂಘಕ್ಕೆ ಠಾಣೆಯ ಪ್ರತಿನಿಧಿ ಅವನು. ಸಾವಿನ ಮನೆಯ ಶಾಮಿಯಾನದಲ್ಲೂ ಎರಡು ತುತ್ತು ಮುದ್ದೆ ನುಂಗಿ, ಮೂರನೆಯದಕ್ಕೆ ಮುಂಚೆ ಪಕ್ಕದವನ ಮುಂದೆ ಸದಸ್ಯತ್ವದ ಅರ್ಜಿ ಇಡುತ್ತಾನೆ. ಸಂಬಳ ಶೇಕಡಾ ಐದು ಏರಿದರೆ ತನ್ನ ಹಸುವೇ ಕರು ಹಾಕಿದಂತೆ ಬೀಗುತ್ತಾನೆ. ಏರದಿದ್ದರೆ ತಪ್ಪು ನೀಲಿ ಸಂಘದ್ದು. ನೀಲಿಯವರ ಪ್ರತಿನಿಧಿ ಶೆಜಿ ಎದುರಾದರಂತೂ ಮುಗಿಯಿತು. “ನಿಮ್ಮ ಸಂಘ ಸದಸ್ಯರಿಗೆ ಕೊಟ್ಟ ಛತ್ರಿ ಗಾಳಿಗೆ ಉಲ್ಟಾ ತಿರುಗ್ತಂತೆ, ಹೌದೇನಯ್ಯಾ?” ಎಂದು ಇವನು, “ನಿಮ್ಮದು ಬಿಚ್ಚೋದೇ ಇಲ್ವಂತಲ್ಲಣ್ಣಾ” ಎಂದು ಅವನು. ಹೊಸ ಕಾನ್‌ಸ್ಟೆಬಲ್‌ಗೆ ಶೌಚಾಲಯ ಎಲ್ಲಿದೆಯೆಂದು ತಿಳಿಯುವ ಮೊದಲೇ ಇಬ್ಬರೂ ಸಹಿ ಕೇಳಿರುತ್ತಾರೆ. ಹೋದ ತಿಂಗಳು ಶೆಜಿ ಇಲಾಖೆಯ ಪಿಸ್ತೂಲು ಕಳೆದುಕೊಂಡ. ಶಿಸ್ತಿನ ವಿಚಾರಣೆ ಬಂತು. ಕೆಲಸವೇ ಹೋಗುವ ಹಾಗಿತ್ತು. ಅವನ ಪರ ಮಾತಾಡಬೇಕಿದ್ದ ನೀಲಿ ಸಂಘದ ಮುಖಂಡ ವೇತನದ ಮಾತುಕತೆಗೆಂದು ಪ್ರಿಟೋರಿಯಾಕ್ಕೆ ಹೋದವನು ಫೋನೂ ಎತ್ತಲಿಲ್ಲ. ನಿಯಮದ ಪ್ರಕಾರ ಆರೋಪಿಯ ಪಕ್ಕ ಅವನ ಸಂಘದವರು ಕೂರಬೇಕು, ಇಲ್ಲವೇ ಜೊತೆಗೆ ಕೆಲಸ ಮಾಡುವ ಒಬ್ಬರು. ಆ ಖಾಲಿ ಕುರ್ಚಿಯನ್ನು ಎಳೆದುಕೊಂಡು ಕೂತವನು ಮಬಾಸೊ. ಕಿಟಕಿಯಾಚೆ ಕೆಂಪಿನವರು ಹಲ್ಲು ಕಡಿದರು. “ನೀವು ಯಾವ ಸಂಘದ ಪರ?” ಎಂದರು ನಮೂನೆ ತುಂಬುತ್ತಿದ್ದ ವಿಚಾರಣಾಧಿಕಾರಿ. ಮಬಾಸೊ ಗಂಟಲು ಸರಿಮಾಡಿಕೊಂಡ. “ಸಂಘದ ಜಾಗ ಖಾಲಿ ಬಿಡಿ ಮೇಡಂ. ಹದಿನಾಲ್ಕು ವರ್ಷದಿಂದ ಒಂದೇ ವ್ಯಾನಿನಲ್ಲಿ ಇವನ ಪಕ್ಕಾನೇ ಕೂತಿದ್ದೀನಿ. ಇವತ್ತೊಂದಿನ ಬೇರೆ ಕಡೆ ಹೇಗೆ ಕೂರಲಿ?”