ನಸೀಮಾ ಬದು ಬಿಟ್ಟ ದಿನ

ನಸೀಮಾ ಯಾವ ದಾರಿಯ ನಡುವೆಯೂ ನಡೆದವಳಲ್ಲ. ಜೇವರ್ಗಿಯ ಹೆದ್ದಾರಿ ಬಿಡಿ, ಅಲ್ಲಿ ಲಾರಿಗಳ ಭಯ. ನಮ್ಮ ಹಾಸ್ಟೆಲ್ಲಿನ ಖಾಲಿ ವರಾಂಡದಲ್ಲೂ ಆಕೆ ಗೋಡೆಗೆ ಭುಜ ತಾಗಿಸಿಕೊಂಡೇ ಓಡುವಳು. ಗೋಡೆಯ ಅರ್ಧ ಸುಣ್ಣ ಆಕೆಯ ಬಲತೋಳಿನ ಮೇಲೆಯೇ ಇರುತ್ತಿತ್ತು. "ನಡುವ ಹಾವ್ ಮಲಗ್ಯದೇನ್ ಬೇ?" ಎಂದರೆ, "ರೂಢಿ ಅಕ್ಕಾ" ಎಂದು ನಗುವಳು.

ಆ ರೂಢಿ ಬಂದದ್ದು ಅತನೂರಿನಿಂದ. ಅಲ್ಲಿ ಆಕೆಯ ಅಪ್ಪ, ಮೆಹಬೂಬ್ ಚಾಚಾ, ಪಾಲಿಗೆ ಮಾಡುತ್ತಿದ್ದ ತೊಗರಿ ಹೊಲ. ಶಾಲೆಗೆ ಹೊಲದ ಬದುವೇ ದಾರಿ, ಅದೂ ಒಂದು ಪಾದದಷ್ಟು ಅಗಲ. "ಬದು ಬಿಟ್ಟು ಒಳಗ ಇಳದು ಒಂದ್ ಗಿಡ ತುಳದ್ರೂ ಕಾಲ್ ಮುರೀತೇನಿ" ಎಂದು ಚಾಚಾ ಹೇಳಿದ್ದರು. ಕಾಲೂ ಉಳಿಯಬೇಕು, ಗಂಟೆ ಬಾರಿಸುವ ಮೊದಲು ಶಾಲೆಯೂ ಮುಟ್ಟಬೇಕು. ಹಾಗೆ ಕಲಿತ ಓಟ ಅದು. ಮುಂದೆ ಜೇವರ್ಗಿಯ ಕಾಲೇಜಿನ ಬಯಲಿನಲ್ಲಿ ಕಾಲಿಗೆ ಒಂದು ಚೆಂಡು ಸಿಕ್ಕಿತು, ಅಷ್ಟೇ ವ್ಯತ್ಯಾಸ. ಅಂಚಿನ ಸುಣ್ಣದ ಗೆರೆ ಹಿಡಿದು ಆಕೆ ಚೆಂಡು ಒಯ್ದರೆ ಉಳಿದವರಿಗೆ ಕಾಣುವುದು ಧೂಳು ಮಾತ್ರ.

ನಾನಾಗ ಬಿ.ಎ. ಮುಗಿಸಿ ಬಿ.ಎಡ್. ಓದುತ್ತಿದ್ದೆ. ಬಿ.ಎ. ಆದದ್ದು ನಮ್ಮ ಮನೆತನದಲ್ಲೇ ನಾನು ಮೊದಲು. ಅವ್ವ ಕಂಡವರ ಹೊಲದಲ್ಲಿ ಕಳೆ ಕಿತ್ತು ಓದಿಸಿದ ಡಿಗ್ರಿ. ಆದ್ದರಿಂದ ಹಾಸ್ಟೆಲ್ಲಿನಲ್ಲಿ ಯಾರ ಅರ್ಜಿಯಾದರೂ ನನ್ನದೇ ಪೆನ್ನು. ದೂರದ ಊರಿನ ಫುಟ್‌ಬಾಲ್ ಕ್ಲಬ್ಬೊಂದು ಹುಡುಗಿಯರನ್ನು ಸಂಬಳಕ್ಕೆ ಆರಿಸುತ್ತದೆಂದು ತಿಳಿದಾಗ ನಸೀಮಾಳ ಫಾರಂ ನಾನೇ ತುಂಬಿದೆ. 'ಪೊಸಿಷನ್' ಎಂಬಲ್ಲಿ ಬಹಳ ಜಂಬದಿಂದ 'ಸೆಕೆಂಡ್' ಎಂದು ಬರೆದೆ. ನಸೀಮಾ ಕ್ಲಾಸಿಗೆ ಎರಡನೆಯವಳಲ್ಲವೇ!

ಚಾಚಾ ಮಗಳಿಗೆ, "ಏಕಿಚ್ ಬಾರ್, ಸಮ್ಜೀ?" ಎಂದರು. ನನ್ನತ್ತ ತಿರುಗಿ, "ಒಂದೇ ಸಲ ನೋಡ್ರವ್ವಾ. ಆರಿಸಲಿಲ್ಲಂದ್ರ ಚೆಂಡು ಬಿಟ್ಟು ಆಳಂದಕ್ಕ ಹೋಗಿ ಆಕಿ ಚಿಗವ್ವ, ಖಾಲಾನ ಹತ್ರ ಹೊಲಿಗಿ ಕಲೀಬೇಕು" ಎಂದರು. ನಸೀಮಾಗೆ ಸೂಜಿ ಕಂಡರೆ ಜ್ವರ.

ಆಯ್ಕೆಯ ದಿನ ಜೊತೆಗೆ ನಾನೇ ಹೋದೆ. ಅಲ್ಲಿಯ ಕೋಚ್ ಮೇಡಂ ಫಾರಂ ನೋಡಿ, "ಸೆಕೆಂಡ್ ಅಂದ್ರೆ ಮೈದಾನದಲ್ಲಿ ಯಾವ ಜಾಗಮ್ಮಾ?" ಎಂದರು. ನನ್ನ ಡಿಗ್ರಿ ನೆಲ ನೋಡಿತು. ನಸೀಮಾ ಓಡಿದ್ದನ್ನು ಕಂಡ ಮೇಲೆ ಅವರೇ ಗೀಟು ಹಾಕಿ 'ವಿಂಗರ್', ಅಂದರೆ ಅಂಚಿನಿಂದ ನುಗ್ಗುವವಳು, ಎಂದು ಬರೆದುಕೊಂಡರು. ಆದರೆ ಆಟ ಶುರುವಾದ ಮೇಲೆ ಮೇಡಂ ಗಂಟಲು ಹರಿಯುವಂತೆ ಕೂಗಿದರೂ, "ಒಳಗೆ ನುಗ್ಗು! ಗೋಲಿನ ಕಡೆ ತಿರುಗು!" ಎಂದರೂ, ಆಕೆ ಗೆರೆ ಬಿಡಲೊಲ್ಲಳು. ಅರ್ಧ ಆಟಕ್ಕೆ ಮೇಡಂ ಖಡಾಖಂಡಿತ ಹೇಳಿದರು: "ವೇಗ ಇದೆ. ಆದ್ರೆ ಅಂಚಿನಲ್ಲೇ ಓಡೋಳು ನನಗೆ ಬೇಡ. ಇನ್ನರ್ಧ ನೋಡ್ತೀನಿ, ಅಷ್ಟೇ."

ನಾನು ಆಕೆಯನ್ನು ಬದಿಗೆ ಎಳೆದೆ. "ಒಳಗ ಹೋಗಾಕ ಏನ್ ಧಾಡಿ ಬೇ ನಿನಗ?"

"ಅಕ್ಕಾ, ನೋಡು, ಎಷ್ಟ್ ಛಂದ ಬೆಳಸ್ಯಾರ! ಮುಂಜಾನಿಂದ ಮಾಲಿ ನೀರ್ ಹಾಯ್ಸಾಕತ್ತಾನ. ನಿಂತ ಬೆಳಿ ಮ್ಯಾಲ ಹೆಂಗ್ ನುಗ್ಗಲಿ? ಕಾಲ್ ಏಳವಲ್ದು."

"ಉಳಿದವ್ರು ಓಡಾಕತ್ತಾರಲ್ಲ?"

"ಅವ್ರ ಮನ್ಯಾಗ ಹೊಲ ಇಲ್ಲ ಕಾಣಸ್ತದ."

ಹುಲ್ಲಿನ ಮೈದಾನವನ್ನು ಇಬ್ಬರೂ ಅದೇ ಮೊದಲು ನೋಡಿದ್ದು. ನಾನು ಬಗ್ಗಿ ಒಂದು ಎಳೆ ಜಗ್ಗಿದೆ. ಬಂತು, ಬಂತು, ಬರುತ್ತಲೇ ಇತ್ತು. ಗೆಣ್ಣು ಗೆಣ್ಣಿಗೂ ಬೇರು. ಅವ್ವನ ಜೊತೆ ಎಷ್ಟು ಬೇಸಿಗೆ ಇದನ್ನೇ ಅಗೆದಿಲ್ಲ ನಾನು! "ಏ ಹುಚ್ಚಿ, ಇದು ಬೆಳಿ ಅಲ್ಲ ಬೇ. ಕರಕಿ!"

ಕರಕಿ, ಅಂದರೆ ಗರಿಕೆ, ನಮ್ಮ ಕಡೆ ರೈತನ ಜನ್ಮವೈರಿ. ಒಂದು ಗೆಣ್ಣು ಉಳಿದರೂ ಮತ್ತೆ ಹೊಲ ತುಂಬ ಹಬ್ಬುವ ಕಳೆ. ನಸೀಮಾ ಎಳೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. ಮುಖ ಕೆಂಪಾಯಿತು. "ಕರಕಿಗಿ ನೀರ್ ಹಾಯ್ಸ್ತಾರಾ? ಥೂ ಇವರ!"

ಆಮೇಲಿನ ನಸೀಮಾಳನ್ನು ಹಿಡಿಯುವವರಿರಲಿಲ್ಲ. ಗೆರೆ ಬಿಟ್ಟಳು, ಒಳಗೆ ನುಗ್ಗಿದಳು, ಎರಡು ಗೋಲು ಹೊಡೆದಳು. ಮೇಡಂ ಗೋಲು ಎಣಿಸಿದರೆ, ಮಾಲಿ ಆಕೆಯ ಬೂಟಿಗೆ ಎದ್ದ ಹೆಂಟೆಗಳನ್ನು ಎಣಿಸುತ್ತ ತಲೆ ಮೇಲೆ ಕೈ ಹೊತ್ತು ಕೂತ. ಸಂಜೆ ಆರಿಸಿದವರ ಹೆಸರು ಓದಿದರು. ನಸೀಮಾ ತನ್ನ ಹೆಸರು ಕೇಳಿದ ಮೇಲೂ "ಇನ್ನೊಮ್ಮಿ ಓದ್ರಿ ಮೇಡಂ" ಎಂದಳು.

ಆಕೆ ಹೋಗಿ ಇದು ಮೂರನೆಯ ವರ್ಷ. ಕ್ಲಬ್ಬು ಬದಲಾಯಿತು, ಊರು ಇನ್ನೂ ದೂರವಾಯಿತು. ಈ ಸಲ ರಂಜಾನಿಗೂ ರಜೆ ಸಿಗಲಿಲ್ಲ. ನಾನು ಜೇವರ್ಗಿಯಲ್ಲೇ ಮಾಸ್ತರಿಕೆ ಮಾಡುತ್ತೇನೆ. ಆಟವಿದ್ದ ದಿನ ಚಾಚಾ ಅತನೂರಿನಿಂದ ಬಸ್ಸು ಹಿಡಿದು ನಮ್ಮ ಮನೆಗೆ ಬರುತ್ತಾರೆ. ಅವರದು ಗುಂಡಿ ಒತ್ತುವ ಫೋನು. ಹೋದ ವಾರ ನನ್ನ ಫೋನಿನಲ್ಲಿ ಬಹಳ ಹೊತ್ತು ಆಟ ನೋಡಿದರೂ ಮಗಳು ಕಾಣಲಿಲ್ಲ.

"ಎಲ್ಲಿ ಅದಾಳವ್ವಾ? ನೌಕರಿಯಿಂದ ತೆಗದ್ರೇನು?"

"ಇಲ್ಲ ಚಾಚಾ, ಅದಾಳ. ಕ್ಯಾಮೆರಾ ಚೆಂಡಿನ ಬೆನ್ನ ಹತ್ಯದ. ಚೆಂಡು ಆಕಿ ಕಡಿ ಹೋದ್ರ ಕಾಣಸ್ತಾಳ."

"ಚೆಂಡೇನ್ ಮೊದ್ಲ್ ನೋಡಿಲ್ಲೇನ್ ಜನಾ?" ಎಂದು ಸಿಡುಕಿದ ಚಾಚಾ, ಕನ್ನಡಕ ಏರಿಸಿ, ಫೋನಿನ ಪಕ್ಕದಿಂದ ಕತ್ತು ಚಾಚಿ ಪರದೆಯ ಆಚೆ ಇಣುಕಿದರು. ನನಗೆ ನಗು ಬಂತು. ಸ್ವಲ್ಪ ಹೊತ್ತಿಗೆ ನಾನೂ ಇಣುಕಿದೆ.